ಬಬಲೇಶ್ವರದ ಧೂಳಪ್ಪನ ಪರಿಹಾರ

1976ರ ಮೇ 24, ಸೋಮವಾರ. ಬೆಳಿಗ್ಗೆ 9.40ಕ್ಕೆ ಬಬಲೇಶ್ವರದ ಪರಸವ್ವ ತಿಕೋಟಾ ಠಾಣೆಗೆ ಬಂದಳು. ಜೊತೆಗೆ ನೆರೆಮನೆಯ ಚಾಂದಬಿ.

ಏಪ್ರಿಲ್‌ನಲ್ಲಿ ಆಲಿಕಲ್ಲು ಮಳೆ ಬಿದ್ದ ದಿನ ಪರಸವ್ವನ ಗಂಡ ಸಿಡಿಲು ಬಡಿದು ಸತ್ತಿದ್ದ. ಉಳ್ಳಾಗಡ್ಡಿ ಬೆಳೆಯೂ ಹೋಗಿತ್ತು. ಕಳೆದ ಗುರುವಾರ ತಿಕೋಟಾ ಚಾವಡಿಯಲ್ಲಿ ಸುತ್ತಲಿನ ಊರುಗಳಿಗೆಲ್ಲ ಬೆಳೆ ಪರಿಹಾರ ಹಂಚಿದ್ದರು. ಗಂಡನ ಮರಣ ದಾಖಲೆಗಾಗಿ ಪರಸವ್ವ ಅಂದು ವಿಜಾಪುರಕ್ಕೆ ಹೋಗಿದ್ದಳು. ಅವಳ ಆರುನೂರು ರೂಪಾಯಿಯನ್ನು ಯಾರೋ ಹೆಬ್ಬೆಟ್ಟು ಒತ್ತಿ ಒಯ್ದಿದ್ದರು.

"ಗಂಡನ ಹೆಸರು?" ಫೌಜದಾರ ಅಲ್ಲಾಉದ್ದೀನ ಕೇಳಿದರು.

ಪರಸವ್ವ ಚಾಂದಬಿಯ ಮುಖ ನೋಡಿದಳು.

"ಧೂಳಪ್ಪ ಅಂತ ಬರಕೋರಿ," ಅಂದಳು ಚಾಂದಬಿ.

"ಅವನ ಕಡೆಯವರು?"

"ಯಾರೂ ಇಲ್ರಿ," ಅಂದಳು ಪರಸವ್ವ. "ಮಿರಗದ ಮಳಿ ಹತ್ತಿರ ಬಂತು. ಬೀಜ ತರದಿದ್ರ ಹೊಲ ಬೀಳ ಬೀಳತೈತಿ. ಊರಾಗ ನೋಡಿದ್ರ, ಒಮ್ಮೆ ರೊಕ್ಕ ತಗೊಂಡು ಎರಡನೇ ಸಲ ಬೇಡಾಕ ಹೋಗ್ಯಾಳ ಅಂತಾರ."

10.30ಕ್ಕೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಫೌಜದಾರರು ಪೇದೆ ಗೊಲ್ಲಾಳಪ್ಪನೊಂದಿಗೆ ಚಾವಡಿಗೆ ಹೋದರು. ಅಂದು ಹೆಸರು ಕೂಗಿದವನು ಚಾವಡಿಯ ಆಳು, ವಾಲಿಕಾರ ದಾವಲಸಾಬ.

"ಆಕಿನ ಹೇಣತಿ ಅಂತ ಹೆಂಗ ನಂಬಿದಿ?"

"ಸಂತಿ ದಿನ, ಗದ್ದಲ ಭಾಳ ಇತ್ರಿ. 'ಧೂಳಪ್ಪ ಸತ್ತಾನ, ಹೇಣತಿ ಬರ್ಲಿ' ಅಂತ ಕೂಗಿದೆ. ಒಬ್ಬಾಕಿ ಅಲ್ಲೇ ಕುಸದು ಕುಂತಳು. ಆಮ್ಯಾಲ ಎದ್ದು ಬಂದಳು. ಗಂಡನ ಹೆಸರು ಕೇಳಿದೆ, ಅಪ್ಪನ ಹೆಸರು ಕೂಡಿಸಿ ಹೇಳಿದಳ್ರಿ."

"ತಾನ ಹೇಳಿದಳು?"

"ಹೂನ್ರಿ, ತಟಕ್ನ."

ಫೌಜದಾರರು ಪೇದೆಯ ಕಡೆ ತಿರುಗಿದರು. "ನಿನ್ನ ಹೇಣತಿ ನಿನ್ನ ಹೆಸರು ಹೇಳ್ತಾಳೇನು?"

"ಬಯ್ಯೂವಾಗೂ ಹೇಳೂದಿಲ್ರಿ ಸಾಹೇಬ್ರ. ಬ್ಯಾರೆ ಏನೇನರೆ ಅಂತಾಳ."

ಸತ್ತವನ ಹೆಸರನ್ನು ತಡೆಯಿಲ್ಲದೆ ಹೇಳಿದವಳು ಅವನ ಹೆಂಡತಿಯಲ್ಲ; ಸುದ್ದಿ ಕೇಳಿ ಕುಸಿದವಳು ಒಡಹುಟ್ಟಿದವಳಿರಬಹುದು ಎಂದುಕೊಂಡರು ಫೌಜದಾರರು. ಸಂಜೆ 5ಕ್ಕೆ ಬಬಲೇಶ್ವರದಲ್ಲಿ ಪರಸವ್ವನನ್ನು ಮತ್ತೆ ವಿಚಾರಿಸಿದರು.

"ಅವರಕ್ಕ ಒಬ್ಬಾಕಿ ಅದಾಳ್ರಿ, ಭೀಮಾಬಾಯಿ. ವಿಜಾಪುರದ ಜೋರಾಪುರ ಪೇಟೆದಾಗ ಇರ್ತಾಳ. ಸಂತಿಗೆ ಒಣ ಖಾರ ಮಾರ್ತಾಳ. ಹೊಲದಾಗ ಪಾಲು ಕೇಳಿದ್ದಳು. ಒಂಬತ್ತು ವರ್ಷ ಆತು, ಮಾತಿಲ್ಲ."

"ತಮ್ಮ ಸತ್ತ ಸುದ್ದಿ ಮುಟ್ಟಿಸಿದ್ರಿ?"

ಪರಸವ್ವ ಒಳಗೆ ಹೋಗಿ ನೀರಿನ ತಂಬಿಗೆ ತಂದಿಟ್ಟಳು.

ಮೇ 25, ಬೆಳಿಗ್ಗೆ 8.15. ಜೋರಾಪುರ ಪೇಟೆಯ ಒಂದು ಕೋಣೆ. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಕೇಳುವ ಮೊದಲೇ ಭೀಮಾಬಾಯಿ ಗಂಟು ತಂದಿಟ್ಟಳು. ಆರುನೂರರಲ್ಲಿ ಒಂದು ರೂಪಾಯಿಯೂ ಕಡಿಮೆ ಇರಲಿಲ್ಲ.

"ಯಾಕ ತಗೊಂಡಿ?"

"ರೊಕ್ಕಕ್ಕ ಅಲ್ರಿ. ತಮ್ಮ ಸತ್ತಾನಂತ ನನಗ ಗೊತ್ತಾಗಿದ್ದು ಆ ವಾಲಿಕಾರ ಕೂಗಿದಾಗ. ಖಾರದ ಬುಟ್ಟಿ ಹೊತ್ತು ನಿಂತಿದ್ದೆ. ತಿಂಗಳ ಮ್ಯಾಲಾಗಿತ್ತು, ಒಬ್ಬರೂ ಹೇಳಿರಲಿಲ್ಲ. ಇದನ್ನರೆ ಕೇಳಾಕ ಆಕಿ ನನ್ನ ಬಾಗಿಲಿಗೆ ಬರ್ತಾಳ ಅಂದ್ಕೊಂಡೆ." ಅವಳು ಸೆರಗು ಸರಿಮಾಡಿಕೊಂಡಳು. "ನೀವು ಬಂದ್ರಿ."

9.05ಕ್ಕೆ ಬಂಧನ ದಾಖಲಾಯಿತು. ಜಪ್ತಿಯಾದ ಹಣ ಮುದ್ದೆಮಾಲಾಗಿ ಠಾಣೆ ಸೇರಿತು. ಹೆಬ್ಬೆಟ್ಟಿನ ಗುರುತನ್ನು ತಜ್ಞರಿಗೆ ಕಳಿಸಲಾಯಿತು.

ಮಧ್ಯಾಹ್ನ ಪರಸವ್ವ ಠಾಣೆಗೆ ಬಂದಳು. ಹಣ ಕೋರ್ಟಿನ ಹುಕುಮಿನ ಮೇಲೆ ಸಿಗುತ್ತದೆ, ಬಿತ್ತನೆಗೆ ಮೊದಲೇ ಕೊಡುವಂತೆ ವರದಿ ಬರೆಯುತ್ತೇನೆ ಎಂದರು ಫೌಜದಾರರು. ಅವಳು ತಲೆಯಾಡಿಸಿ, ಹೇಳಿಕೆಯ ಕೆಳಗೆ ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದಳು. ಗೋಡೆಗೆ ಒರಗಿ ಕುಳಿತಿದ್ದ ಭೀಮಾಬಾಯಿ, ಠಾಣೆಗೆ ಬಂದ ಮೇಲೆ ಮೊದಲ ಸಲ ಬಾಯಿ ತೆರೆದಳು.

"ಮಣ್ಣು ಎಲ್ಲಿ ಕೊಟ್ರಿ, ಪರಸವ್ವ?"

"ಹೊಲದಾಗ. ಬಾವಿ ಕಡಿ ಬದುವಿನ ಮ್ಯಾಲ."

"ಅಪ್ಪನ ಬಾಜೂಕ?"

"ಹೂನಕ್ಕಾ," ಅಂದಳು ಪರಸವ್ವ. ಅವಳು ಹೊರಗೆ ಹೋಗಲಿಲ್ಲ, ಕುಳಿತುಕೊಳ್ಳಲೂ ಇಲ್ಲ.