ಎಣಿಕೆ ನಿಂತ ಪುಟ

ಶುಕ್ರವಾರ ಬೆಳಿಗ್ಗೆ ಹೊಗೆನಕಲ್‌ನ ಲಾಡ್ಜಿನಿಂದ ಫೋನು. ಹನ್ನೊಂದು ಜನ ಪ್ರವಾಸಿಗರು ಗಂಟುಮೂಟೆ ಸಮೇತ ಬಾಗಿಲಲ್ಲಿ ನಿಂತಿದ್ದಾರೆ. ವೆಬ್ ಪುಟದಲ್ಲಿ ರೂಮು ಕೇಳಿದ್ದೆವು ಅನ್ನುತ್ತಾರೆ. ಲಾಡ್ಜಿಗೆ ಒಂದು ಅರ್ಜಿಯೂ ಬಂದಿಲ್ಲ!

ಆ ಪುಟ ಮಾಡಿದವರು ನಾವು. 1999ರ ಸೇಲಂನಲ್ಲಿ ಅಂಥ ಕೆಲಸ ಮಾಡುವವರೇ ಕಡಿಮೆ. ಪುಟವನ್ನು ತಾನಾಗಿಯೇ ಪರೀಕ್ಷಿಸುವ ಪ್ರೋಗ್ರಾಂ ಬರೆದ ಜಂಬ ಬೇರೆ ನನಗಿತ್ತು. ಬೆಳಿಗ್ಗೆ ಅದನ್ನು ಓಡಿಸಿದರೆ ಸಾಕು — ಪುಟ ತೆರೆದು, ಒಂದು ಸುಳ್ಳು ಹೆಸರು ತುಂಬಿ, 'ಕಳಿಸು' ಗುಂಡಿ ಒತ್ತಿ, ಪುಟದ ಚಿತ್ರದ ಕೆಳಗೆ 'ಪಾಸ್' ಇಲ್ಲವೇ 'ಫೇಲ್' ಎಂದು ಹಾಳೆ ಅಚ್ಚು ಹಾಕುತ್ತಿತ್ತು. ಓಡಿಸಿ ಸಹಿ ಹಾಕುವುದು ರೋಜಾಳ ಕೆಲಸ.

ಸೋಮವಾರದಿಂದ ಐದು ಹಾಳೆ. ಐದೂ ಪಾಸ್. ಆದರೆ ಮಂಗಳವಾರ, ವಿಜಯದಶಮಿಯಂದು ಹಾಕಿದ ಹೊಸ ಪುಟದಲ್ಲಿ 'ಕಳಿಸು' ಗುಂಡಿ ಸತ್ತೇ ಇತ್ತು.

"ಓಡಿಸ್ದೇನೇ ಸುಳ್ಳು ಹಾಳೆ ಮಾಡವ್ಳೆ," ಎಂದ ಮಾಲೀಕ ವೆಂಕಟಾಚಲಂ. ಕೆಲಸದಿಂದ ತೆಗೆಯುವ ಕಾಗದ ಆಗಲೇ ಟೈಪಾಗಿತ್ತು.

"ಸತ್ಯಮಾ ಓಡಿಸ್ದೆ ಸಾರ್." ರೋಜಾಳ ದನಿಯಲ್ಲಿ ಅಳುವೂ ಇರಲಿಲ್ಲ. ನಲ್ಲಂಪಳ್ಳಿಯ ಅವಳ ಮನೆಯಲ್ಲಿ ಹೊರಗೆ ದುಡಿಯಲು ಬಂದ ಮೊದಲ ಹೆಣ್ಣು ಅವಳು. ಸುಳ್ಳುಗಾತಿ ಎನ್ನಿಸಿಕೊಂಡು ವಾಪಸಾದರೆ ಅವಳ ತಂಗಿಯರನ್ನೂ ಯಾರೂ ಹೊರಗೆ ಕಳಿಸುವುದಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ನನಗೆ ಏನೂ ಅನ್ನಿಸಲಿಲ್ಲ.

ಆಯುಧಪೂಜೆಗೆ ಕೊಟ್ಟಿದ್ದ ಹಿತ್ತಾಳೆ ದೀಪ ಒಯ್ಯಲು ಮುತ್ತಮ್ಮ ಬಂದದ್ದು ಆಗಲೇ. ವೆಂಕಟಾಚಲಂನ ಸೋದರತ್ತೆ, ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು. ಲೈನು ಎಲ್ಲಿ ಕೆಟ್ಟಿದೆ ಎಂದು ಕೂತಲ್ಲೇ ಹೇಳುತ್ತಿದ್ದರಂತೆ. ಕಂಪ್ಯೂಟರ್ ಮುಟ್ಟಿದವರಲ್ಲ. ಹಾಳೆಗಳನ್ನು ಕೇಳಿ ಪಡೆದು ಕೂತರು.

"ಪುಟದ ಕೆಳಗೆ ಈ ನಂಬರು ಏನ್ಲಾ ಮಾದೇಶ?" ಎಂದು ನನ್ನನ್ನು ಕೇಳಿದರು.

"ಎಷ್ಟು ಸಲ ಪುಟ ನೋಡವ್ರೆ ಅಂತ ಎಣಿಕೆ ಅತ್ತೆ."

"ಈ ಪ್ರೋಗ್ರಾಂ ನೋಡಿದ್ರೂ ಒಂದು ಏರ್ತದಾ?"

"ಏರ್ಲೇಬೇಕು."

"ಮತ್ತೆ ಐದು ದಿನಾನೂ ನಾನೂರಾ ಹದಿನೇಳೇ ಐತಲ್ಲ?"

ನಾನು ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದೆ.

"ನಿಜವಾದ ಪುಟ ಎಲ್ಲೈತೆ?"

"ಸರ್ವರ್‌ನಲ್ಲಿ." ವೆಂಕಟಾಚಲಂ ಮೂಲೆಯ ಯಂತ್ರ ತೋರಿಸಿದ. ಗಂಧ ಕುಂಕುಮ ಇನ್ನೂ ಅದರ ಮೇಲಿತ್ತು.

"ಪೂಜೆ ದಿನ ಓಡ್ತಿತ್ತಾ?"

"ಇಲ್ಲತ್ತೆ. ಆವತ್ತು ಆಯುಧ ಮುಟ್ಟಬಾರ್ದು. ಬೆಳಿಗ್ಗೇನೇ ಆಫ್ ಮಾಡಿ ಹಾರ ಹಾಕಿದ್ವಿ. ಆನ್ ಮಾಡಿದ್ದು ಮಂಗಳವಾರ."

"ಆಫ್ ಆಗಿರೋ ಯಂತ್ರದಾಗೆ ಸೋಮವಾರದ ಪರೀಕ್ಷೆ ಎಂಗೆ ಪಾಸಾಯ್ತು?"

ರೋಜಾ ತಲೆ ಎತ್ತಿದಳು. "ಸೋಮವಾರ ನಾನು ಊರಿಗೆ ಓಗಿದ್ದೆ ಅಮ್ಮಾ."

"ಅದಕ್ಕೇ ಅದರ ಮೇಲೆ ನಿನ್ನ ಸಹಿ ಇಲ್ಲ. ಇಲ್ಲಿ ನೋಡು — ಗಂಧದ ಹೆಬ್ಬೆಟ್ಟು. ವೆಂಕಟಾ, ಆವತ್ತು ಯಂತ್ರಗಳಿಗೆ ಗಂಧ ಇಟ್ಟೋರು ಯಾರು?"

ವೆಂಕಟಾಚಲಂ ನನ್ನತ್ತ ತಿರುಗಿದ. ಐದು ದಿನ ನೆನಪಿಗೇ ಬಾರದಿದ್ದದ್ದು ಆಗ ಬಂತು.

ಲಾಡ್ಜಿನವರಿಗೆ ದಿನಾ ಹಾಳೆ ಬೇಕು. ಒಂದು ದಿನವೂ ತಪ್ಪುವಂತಿರಲಿಲ್ಲ. ಸರ್ವರ್ ಹಾರದಡಿ ಮಲಗಿತ್ತು. ಹಳೆಯ ಪುಟದ ನಕಲೊಂದು ನನ್ನ ಯಂತ್ರದಲ್ಲಿತ್ತು; ನಕಲಿನಲ್ಲಿ ಎಣಿಕೆ ಏರುವುದಿಲ್ಲ. ಪ್ರೋಗ್ರಾಂನಲ್ಲಿ ಪುಟದ ವಿಳಾಸ ಬದಲಿಸಿ, ಗಂಧದ ಕೈಯಲ್ಲೇ ಆ ನಕಲಿನ ಮೇಲೆ ಓಡಿಸಿ, ಹಾಳೆ ಕಿತ್ತುಕೊಂಡಿದ್ದೆ. ವಿಳಾಸವನ್ನು ಮತ್ತೆ ಸರಿಮಾಡಲಿಲ್ಲ. ರೋಜಾ ದಿನಾ ಪ್ರಾಮಾಣಿಕವಾಗಿ ಓಡಿಸಿದ್ದು ಆ ನಕಲನ್ನೇ.

"ಲೈನು ಕೆಟ್ಟಿದ್ದು ಅವಳತ್ರ ಅಲ್ಲ," ಎಂದರು ಮುತ್ತಮ್ಮ. "ನಿನ್ನತ್ರ ಕಣಪ್ಪಾ, ಮಾದೇಶ."

ವೆಂಕಟಾಚಲಂ ಕಾಗದ ಹರಿದ. "ಮನ್ನಿಚ್ಚಿಡು ಮಾ," ಎಂದು ತಮಿಳಿನಲ್ಲಿ ಗೊಣಗುತ್ತ ರೋಜಾಳ ಕ್ಷಮೆ ಕೇಳಿದ. ಅವಳು ಚೀಲದಿಂದ ಊಟದ ಡಬ್ಬಿ ತೆಗೆದು ಮತ್ತೆ ಮೇಜಿನ ಮೇಲಿಟ್ಟಳು. ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ವಿಳಾಸ ಸರಿಮಾಡಿ ಪ್ರೋಗ್ರಾಂ ಓಡಿಸಿದೆ. ಹಾಳೆ ಬಂತು. ಎಣಿಕೆ ಐನೂರಾ ಮೂರು. ಅದರ ಕೆಳಗೆ 'ಫೇಲ್'.

ರೋಜಾ ಪೆನ್ನಿಗೆ ಕೈ ಚಾಚಿದಳು. ನಾನು ಹಾಳೆಯನ್ನು ನನ್ನತ್ತ ಎಳೆದುಕೊಂಡು ಸಹಿ ಹಾಕಿದೆ.