ಮನೆ ಗೊತ್ತಿದ್ದವ

ಎಚ್‌ಐವಿ ಟೆಸ್ಟ್ ಮಾಡಿಸುವ ಎಂದು ಉಲ್ಲಾಸ್ ಹೇಳಿದ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನೇನು ಕಂಡಕಂಡವರ ಹಿಂದೆ ಹೋಗುವವನೇ?

ಕಡಬದ ನಮ್ಮ ಮೊಬೈಲ್ ಅಂಗಡಿಗೆ ಸ್ಕ್ರೀನ್ ಗಾರ್ಡ್ ಹಾಕಿಸಲು ಮತ್ತೆ ಮತ್ತೆ ಬಂದು, ಚೆನ್ನಾಗಿದ್ದ ಗ್ಲಾಸನ್ನೇ ಕೀಳಿಸಿ, ಕೌಂಟರಿಗೆ ಮೊಣಕೈ ಊರಿ ನನ್ನ ಬೆರಳುಗಳನ್ನೇ ನೋಡುತ್ತಿದ್ದವನು ಇವನು. ರಬ್ಬರ್ ಶೀಟ್ ಸಾಗಿಸುವ ಪಿಕಪ್ಪಿನ ಡ್ರೈವರ್. ನಾನು ತಲೆ ಎತ್ತಿದರೆ ಚಾರ್ಜರ್ ನೋಡುವ ನಾಟಕ! ಆ ಕಳ್ಳನೋಟಕ್ಕೇ ನಾನು ಸೋತದ್ದು. ಕಾಂಡಮ್ ಇಲ್ಲದೆ ಅವನು ಒಮ್ಮೆಯೂ ಹತ್ತಿರ ಬಂದವನಲ್ಲ. ಆ ಮುನಿಸು ಬೇರೆ ನನ್ನೊಳಗಿತ್ತು.

ಮಂಗಳೂರಿನ ಡೇಟಿಂಗ್ ಆ್ಯಪಿನ ಹುಡುಗರನ್ನು ನಾನು ಮುಟ್ಟಿದವನೇ ಅಲ್ಲ ಎಂದೆ. ಇವನಿಗಿಂತ ಮೊದಲು ಇದ್ದದ್ದು ಒಬ್ಬನೇ, ಪುತ್ತೂರು ಹತ್ತಿರದ ನರಿಮೊಗರಿನ ಸಂಪ್ರೀತ್. ಒಳ್ಳೆಯ ಮನೆತನ, ಅವನ ತಾಯಿ ನನಗೆ ನೀರುದೋಸೆ ಬಡಿಸಿದ್ದಾರೆ. ಅಂಥವನ ಹತ್ತಿರ ಎಂತ ಜಾಗ್ರತೆ ಮಾಡುವುದು? ಮಾಡಿರಲಿಲ್ಲ.

"ಮನೆ ಗೊತ್ತುಂಟು ಅಂತ ರಕ್ತ ಗೊತ್ತುಂಟಾ ಮಾರಾಯ?" ಎಂದ ಉಲ್ಲಾಸ್.

ಆ ಮಾತಿಗೇ ಸಿಟ್ಟಾಗಿ ಅವನ ಹತ್ತಿರ ಮಾತು ಬಿಟ್ಟೆ. ಅವನ ಮೆಸೇಜು ಓದದೆ ಇರಲಾಗದು, ಉತ್ತರಿಸಲು ಹಮ್ಮು ಬಿಡದು. ಅಂಗಡಿಯೆದುರು ಪಿಕಪ್ ಹೋದರೆ ಕೈಯ ಸ್ಕ್ರೂಡ್ರೈವರ್ ಜಾರುತ್ತಿತ್ತು. ಕೊನೆಗೆ ನಾನೇ ಹೋಗಿ ಅವನ ಪಕ್ಕದ ಸೀಟಿನಲ್ಲಿ ಕುಳಿತೆ. ಕಡಬದಲ್ಲಿ ಗುರುತಿನವರಿದ್ದಾರೆ, ಪುತ್ತೂರಿಗೆ ಹೋಗುವ ಎಂದೆ. ಅವನು ಓರೆಗಣ್ಣಿನಲ್ಲಿ ನನ್ನನ್ನು ನೋಡಿ ಗಾಡಿ ಸ್ಟಾರ್ಟ್ ಮಾಡಿದ.

ಸರಕಾರಿ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಬೆಂಚಿನಲ್ಲಿ ಕಾದೆವು. ನಾನು ಎದ್ದೆ, ಕುಳಿತೆ, ನೀರು ಕುಡಿದೆ, ಪುನಃ ಎದ್ದೆ. ನಿನ್ನನ್ನು ನೋಡಿ ನನಗೇ ತಲೆ ತಿರುಗುತ್ತಿದೆ ಎಂದು ಅವನು ನನ್ನ ಅಂಗಿ ಹಿಡಿದು ಕೂರಿಸಿದ.

ಅವನಿಗೆ ಏನೂ ಇರಲಿಲ್ಲ. ನನಗೆ ಇತ್ತು.

ಕೌನ್ಸೆಲರ್ ಮೇಡಂ ಗದರಲಿಲ್ಲ. ದಿನಾ ಮಾತ್ರೆ ತೆಗೆದುಕೊಂಡರೆ ಎಲ್ಲರ ಹಾಗೆ ಬಾಳಬಹುದು, ವೈರಸ್ ಟೆಸ್ಟಿನಲ್ಲಿ ಕಾಣದಷ್ಟು ಇಳಿದು ಹಾಗೆಯೇ ಉಳಿದರೆ ಸಂಗಾತಿಗೂ ದಾಟುವುದಿಲ್ಲ ಎಂದರು. ನನ್ನ ಕಿವಿಗೆ ಅರ್ಧವೂ ಬೀಳಲಿಲ್ಲ. ಗೇಟಿನ ಹೊರಗೆ ಬಂದವನೇ, ನೀನು ಹೋಗು, ನನ್ನ ಸಹವಾಸ ಸಾಕು ಎಂದುಬಿಟ್ಟೆ.

"ಟೆಸ್ಟ್ ಅಂದದ್ದು ನಿನ್ನನ್ನು ಬಿಡ್ಲಿಕ್ಕೆ ಅಂತ ಎಣಿಸಿದ್ಯಾ?" ಅವನ ಧ್ವನಿ ಒಡೆದಿತ್ತು. "ಸಾಯುವವರೆಗೆ ನಿನ್ನೊಟ್ಟಿಗೆ ಇರ್ಬೇಕು ಅಂತ ಆಸೆ ಉಂಟು ನನಗೆ. ಅದಕ್ಕೇ ಕೇಳಿದ್ದು."

ನಾನು ರಸ್ತೆ ಬದಿಯಲ್ಲೇ ಅತ್ತೆ. ಅವನು ನಾಚಿಕೆಪಡಲಿಲ್ಲ, ಹೆಗಲು ಕೊಟ್ಟು ನಿಂತ. ನನ್ನ ಅಳು ನಿಂತ ಮೇಲೆ ಮೆಲ್ಲಗೆ, ಸಂಪ್ರೀತನಿಗೂ ತಿಳಿಸಬೇಕಲ್ಲ ಎಂದ.

ಸಂಪ್ರೀತನಿಗೆ ಮೊನ್ನೆಯ ಮೇ ತಿಂಗಳಲ್ಲಿ ಮದುವೆಯಾಗಿತ್ತು. ಹುಡುಗಿಯ ಕಡೆಯವರೂ ಮನೆ ನೋಡಿಯೇ ಕೊಟ್ಟದ್ದು. ನನಗೆ ಬಂದದ್ದು ಅವನಿಂದಲೇ ಇರಬೇಕು, ಅದು ಅವನಿಗೆ ತಿಳಿದಿದೆಯೋ ಇಲ್ಲವೋ ದೇವರಿಗೇ ಗೊತ್ತು. ಬಾಯಿ ಮುಚ್ಚಿ ಕುಳಿತರೆ ಆ ಹೆಣ್ಣಿನ ಗತಿ?

ಫೋನ್ ಮಾಡಿದೆ. ಎತ್ತಿದ್ದು ಅವಳೇ. ಅವರು ದನದ ಹಟ್ಟಿಯಲ್ಲಿದ್ದಾರೆ, ಈಗ ಕೊಡುತ್ತೇನೆ ಎಂದು ನಗುನಗುತ್ತಾ ಹೇಳಿದಳು. ಆ ನಗು ಕೇಳಿ ನನಗೆ ತಡೆಯಲಾಗಲಿಲ್ಲ, ಕಟ್ ಮಾಡಲು ಹೊರಟೆ. ಉಲ್ಲಾಸ್ ನನ್ನ ಬೆರಳುಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿ ಹಿಡಿದ.

ಸಂಪ್ರೀತ್ ಫೋನಿಗೆ ಬಂದ. ಬಹಳ ಮುಖ್ಯವಾದ ಮಾತುಂಟು, ಫೋನಿನಲ್ಲಿ ಆಗುವುದಿಲ್ಲ, ನಾವು ಪುತ್ತೂರಲ್ಲೇ ಇದ್ದೇವೆ, ಈಗಲೇ ಬರುತ್ತೇವೆ ಎಂದೆ.

"ನಾವು ಅಂದ್ರೆ ಯಾರೆಲ್ಲ?" ಅವನಿಗೆ ಗಾಬರಿ.

ಇಷ್ಟರವರೆಗೆ ಯಾರೆದುರೂ ನಾನು ಅದನ್ನು ಹೇಳಿರಲಿಲ್ಲ.

"ನಾನು," ಎಂದೆ, "ಮತ್ತೆ ನನ್ನ ಹುಡುಗ."