ಹದಿನೇಳನೇ ಹಾಳೆ

"ನಿಮ್ಮ ಏಳಕ್ಕೆ ಬೆಲ್ಟ್ ಯಾಕೆ ಕಟ್ಟಿದ್ದೀರಿ?"

ರೆಕಾರ್ಡ್ ರೂಮಿನ ಕೌಂಟರಿನಾಚೆ ನಿಂತು ಅವನು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಅವನ ಅರ್ಜಿಗೆ ನಾನು ಹಾಕಿದ ನಂಬರಿನಲ್ಲಿ ಎರಡು ಏಳುಗಳಿದ್ದವು. ಎರಡರ ನಡುವಿಗೂ ಒಂದೊಂದು ಅಡ್ಡಗೀಟು.

"ಯಾರಾದ್ರೂ ಒಂದು ಅಂತ ಓದ್ಕೊಂಡ್ರೆ?" ಅಂದೆ.

"ಓಹೋ, ಜಾರಿ ಬೀಳದ ಹಾಗೆ." ತುಟಿ ನಗಲಿಲ್ಲ, ಕಣ್ಣು ಮಾತ್ರ ನಕ್ಕಿತು. "ಅಂಗಡಿ ಬೋರ್ಡ್ ಬರೆಯೋನು ನಾನು. ಅಕ್ಷರ ಕಂಡ್ರೆ ಕೆಣಕದೆ ಇರೋಕಾಗಲ್ಲ. ಬೇಜಾರಾಗ್ಬೇಡಿ."

ಅವನ ಉಗುರಿನ ಸಂದಿಯಲ್ಲಿ ನೀಲಿ ಬಣ್ಣವಿತ್ತು. ಅರ್ಜಿ ಓದಿ ಮುಗಿಸಿದ ಮೇಲೆ ತಲೆಯೆತ್ತಲಾಗದೆ ಆ ಉಗುರುಗಳನ್ನೇ ನೋಡುತ್ತ ನಿಂತೆ. ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ಅವನ ಅಕ್ಕ ನಮ್ಮ ಆಸ್ಪತ್ರೆಗೆ ತಾನೇ ನಡೆದುಕೊಂಡು ಬಂದಿದ್ದಳು. ಈಗ ಎರಡನೇ ಮಹಡಿಯ ಫಿಸಿಯೋಥೆರಪಿಯಲ್ಲಿ ಚಮಚ ಹಿಡಿಯುವುದನ್ನು ಕಲಿಯುತ್ತಿದ್ದಳು. ಆಪರೇಷನ್ ಹೊತ್ತಿನಲ್ಲಿ ಏನಾಯಿತೆಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ಅವನಿಗೆ ಅವಳ ಫೈಲಿನ ನಕಲು ಬೇಕಿತ್ತು.

ಕೇಳಿದ ಮೂರು ದಿನದೊಳಗೆ ಕೊಡಬೇಕು. ಅದು ಉಪಕಾರವಲ್ಲ, ರೋಗಿಯ ಹಕ್ಕು. ನಮ್ಮ ಗೋಡೆಯ ಮೇಲೇ ಚೌಕಟ್ಟು ಹಾಕಿ ತೂಗುಹಾಕಿದ್ದೇವೆ.

ಮೂರು ವಾರ ಕೊಡಲಿಲ್ಲ.

ಸಹಿ ಆಗಿಲ್ಲ, ಫೈಲು ಮೇಲಿದೆ, ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಹೇಳಿಕೊಟ್ಟ ಪಾಠವನ್ನು ನಾನು ಒಪ್ಪಿಸುತ್ತಿದ್ದೆ. ಅಕ್ಕನನ್ನು ಮೇಲೆ ಬಿಟ್ಟು ಅವನು ಎದುರಿನ ಬೆಂಚಿನಲ್ಲಿ ಕೂರುತ್ತಿದ್ದ. ನಾನು ಕಪಾಟಿನತ್ತ ತಿರುಗಿದರೆ ಬೆನ್ನಿಗೆ ಎಳೆಬಿಸಿಲು ಬಿದ್ದಂತಾಗುತ್ತಿತ್ತು. ತಟ್ಟನೆ ಹಿಂತಿರುಗಿದರೆ ಅವನು ಗೋಡೆಯ ಹಕ್ಕುಪಟ್ಟಿ ಓದುತ್ತಿರುತ್ತಿದ್ದ.

"ಎಷ್ಟು ಸಲ ಓದ್ತೀರಿ ಅದನ್ನ?"

"ಬರೆದೋನಿಗೆ ಕೈಚಳಕ ಇಲ್ಲ ರೀ. 'ಹಕ್ಕು' ಅನ್ನೋದನ್ನ ಎಷ್ಟು ಸಣ್ಣಗೆ ಬರ್ದಿದ್ದಾನೆ ನೋಡಿ." ಆಮೇಲೆ ಮೆತ್ತಗೆ, "ನಾಳೆನೂ ಬರ್ಬೇಕಾ?"

"ಬನ್ನಿ" ಅಂದೆ. ಅಂದಾಗ ನನಗೆ ಸಂತೋಷವಾಗಿತ್ತು. ಅದು ನನ್ನ ಮೊದಲ ತಪ್ಪು.

ಎರಡನೆಯ ತಪ್ಪಿನ ದಿನ ಸೂಪರಿಂಟೆಂಡೆಂಟ್ ಖುದ್ದಾಗಿ ನೆಲಮಾಳಿಗೆಗೆ ಇಳಿದು ಬಂದರು. ಲಿಫ್ಟಿನಿಂದ ನನ್ನ ಬಾಗಿಲಿಗೆ ಹದಿನಾಲ್ಕು ಹೆಜ್ಜೆ. ನಾನು ಎಣಿಸಿದೆ. ಅವರ ಕೈಯಲ್ಲಿ ಒಂದೇ ಒಂದು ಹಾಳೆಯಿತ್ತು.

ಯಾವ ಫೈಲು ಬಂದರೂ ಪ್ರತಿ ಹಾಳೆಯ ಮೂಲೆಗೆ ಪೆನ್ಸಿಲಿನಲ್ಲಿ ನಂಬರ್ ಹಾಕುವುದು ನನ್ನ ಕೆಲಸ. ಹರಿದದ್ದು, ಕಲೆಯಾದದ್ದು ಇದ್ದರೆ ಬೇರೊಂದು ರಿಜಿಸ್ಟರಿನಲ್ಲಿ ತಾರೀಕು ಸಮೇತ ಬರೆದಿಡುವುದು ನನ್ನದೇ ಚಾಳಿ, ನಾಳೆ ನನ್ನ ತಲೆಗೆ ಬರಬಾರದಲ್ಲ. ಅವನ ಅಕ್ಕನ ಫೈಲಿನ ಹದಿನೇಳನೇ ಹಾಳೆ ಅರಿವಳಿಕೆಯದು. ಮೂಲೆಯಲ್ಲಿ ಕಂದು ಔಷಧದ ಕಲೆಯಿತ್ತು. ಹನ್ನೊಂದು ನಿಮಿಷ ಆಕ್ಸಿಜನ್ನಿನ ಅಂಕಿಗಳು ಮೆಟ್ಟಿಲಿಳಿದಂತೆ ಇಳಿದಿದ್ದವು.

"ಹಳೇದು ಓದೋ ಹಾಗಿರ್ಲಿಲ್ಲ, ಫೇರ್ ಮಾಡ್ಸಿದ್ದೀವಿ. ಹದಿನೇಳು ಅಂತ ಹಾಕಮ್ಮಾ."

ಹೊಸ ಹಾಳೆಯಲ್ಲಿ ಕಲೆಯಿರಲಿಲ್ಲ. ಉದ್ದಕ್ಕೂ ತೊಂಬತ್ತೆಂಟು, ತೊಂಬತ್ತೊಂಬತ್ತು.

"ಹಳೇದು ಎಲ್ಲಿ ಸರ್?"

"ತಂದೆಯವರು ಹೇಗಿದ್ದಾರೆ?" ದನಿ ತೀರ ಮೃದುವಾಗಿತ್ತು. "ವಾರಕ್ಕೆ ಮೂರು ಸಲ ಡಯಾಲಿಸಿಸ್, ಸ್ಟಾಫ್ ಕೋಟಾದ ಹಾಸಿಗೆ, ಅಲ್ವಾ? ಆ ಲಿಸ್ಟು ಈ ತಿಂಗಳು ನನ್ನ ಟೇಬಲ್ಲಿಗೆ ಬರುತ್ತೆ." ಪೆನ್ಸಿಲನ್ನು ನನ್ನತ್ತ ಮೆಲ್ಲನೆ ಉರುಳಿಸಿದರು. "ಬರಿ."

ಬರೆದೆ.

ಮರುದಿನವೇ ನಕಲು ಸಿಕ್ಕಿತು. ಅವನು ಬೆಂಚಿನಲ್ಲಿ ಕೂತು ಒಂದೊಂದೇ ಹಾಳೆ ತಿರುವಿದ, ನಿಂತ, ಹಿಂದಕ್ಕೆ ಹೋದ. ಎದ್ದು ಬಂದು ಕೌಂಟರಿನ ಮೇಲೆ ಒಂದು ಹಾಳೆಯಿಟ್ಟು ಮೂಲೆಯ ಕೆಳಗೆ ಬೆರಳಿಟ್ಟ.

"ಏಳಕ್ಕೆ ಬೆಲ್ಟಿದೆ. ಇಪ್ಪತ್ತೇಳಕ್ಕಿದೆ, ಮೂವತ್ತೇಳಕ್ಕಿದೆ. ಹದಿನೇಳಕ್ಕೆ ಮಾತ್ರ ಇಲ್ಲ. ಯಾಕೆ ರೀ?"

ಆ ಗೀಟು ಬಿಟ್ಟುಹೋದದ್ದು ನನಗೂ ಗೊತ್ತಿರಲಿಲ್ಲ. ಪಿಸುದನಿಯಲ್ಲಿ ಎಲ್ಲ ಹೇಳಿದೆ.

ಅವನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕೆಳಗಡೆ ಒಬ್ರಿದ್ದಾರೆ, ಅವ್ರು ಸುಳ್ಳು ಬರೆಯೋರಲ್ಲ ಅಂತ ಅಕ್ಕನಿಗೆ ದಿನಾ ಹೇಳ್ತಿದ್ದೆ" ಅಂದ. ಹಾಳೆಗಳನ್ನು ಜೋಡಿಸಿಕೊಂಡು ಹೋದ.

ಸಂಜೆ ಅಪ್ಪನಿಗೆ ಹೇಳಿದೆ. ಅಪ್ಪ ಬಹಳ ಹೊತ್ತು ತೋಳಿನ ಸೂಜಿಗುರುತುಗಳನ್ನು ಸವರಿಕೊಂಡರು.

"ನನ್ನ ರಕ್ತ ತೊಳೆಸೋಕೆ ನಿನ್ನ ಕೈ ಕೊಳೆ ಮಾಡ್ಕೊಂಡ್ಯಾ ಮಗಳೇ?" ಆಮೇಲೆ, "ಆ ಹುಡುಗ ನೋಡೋಕೆ ಹೇಗಿದ್ದಾನೆ?"

"ಅಪ್ಪಾ!"

"ಸುಮ್ನೆ ಕೇಳ್ದೆ. ಬೇರೆ ಕಡೆ ಹಾಸಿಗೆ ಹುಡುಕೋಕೆ ಒಬ್ಬ ಬೇಕಲ್ಲ."

ಸೋಮವಾರ ಅವನು ಬಂದ. ಬೆಂಚಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತ. ಈ ಸಲ ನಾನೇ ಕರೆದೆ.

"ಇನ್ನೊಂದು ಅರ್ಜಿ ಬರೀರಿ. ಫೈಲಿಗಲ್ಲ, ನನ್ನ ಕಲೆ ರಿಜಿಸ್ಟರಿಗೆ. ಅದೊಂದಿದೆ ಅಂತ ಮೇಲಿನವ್ರಿಗೆ ಗೊತ್ತಿಲ್ಲ. ಹದಿನೇಳರ ಕಲೆ ತಾರೀಕು ಸಮೇತ ಅದ್ರಲ್ಲಿದೆ, ಹೊಸ ಹಾಳೆಲಿ ಆ ಕಲೆ ಇಲ್ಲ. ಅರ್ಜಿಗೆ ನಾನು ಮುದ್ರೆ ಹೊಡೆದ ಮೇಲೆ ಅಂಥ ರಿಜಿಸ್ಟರೇ ಇಲ್ಲ ಅನ್ನೋ ಹಾಗಿಲ್ಲ ಅವ್ರು. ಆ ಹನ್ನೊಂದು ನಿಮಿಷ ಕಣ್ಣಾರೆ ನೋಡಿದ್ದೀನಿ ಅಂತ ಕೋರ್ಟಲ್ಲೂ ಹೇಳ್ತೀನಿ. ಸುಳ್ಳು ಹಾಳೆಗೆ ನಂಬರ್ ಹಾಕಿದ್ದು ನಾನೇ ಅಂತಾನೂ."

"ನಿಮ್ಮ ತಂದೆ?"

"ಬೇರೆ ಆಸ್ಪತ್ರೆಲಿ ಸರದಿಗೆ ಹೆಸರು ಬರೆಸಿದ್ದೀನಿ. ಮೂವತ್ತೊಂದನೆಯವ್ರು."

ಅವನು ಎಷ್ಟೋ ಹೊತ್ತು ನನ್ನನ್ನೇ ನೋಡಿದ. ಈ ಸಲ ಗೋಡೆಯತ್ತ ಕಣ್ಣು ತಪ್ಪಿಸಲಿಲ್ಲ. ನಾನೂ ತಪ್ಪಿಸಲಿಲ್ಲ. ಆಮೇಲೆ ಪೆನ್ನು ತೆಗೆದು ಬರೆದ. "ಹಕ್ಕು" ಎಂಬುದನ್ನು ಅಂಗಡಿ ಬೋರ್ಡಿನಷ್ಟು ದಪ್ಪಗೆ ಬರೆದ.

ಮುದ್ರೆ ಒತ್ತಿದೆ. ಮುನ್ನೂರ ಏಳನೇ ನಂಬರ್. ಏಳಕ್ಕೆ ಗೀಟೆಳೆಯುವವರೆಗೂ ಅವನು ತಲೆ ವಾಲಿಸಿ ಕಾದ. ಝೆರಾಕ್ಸ್ ಮೆಷಿನ್ನಿನ ಬೆಳಕು ರಿಜಿಸ್ಟರಿನ ಮೇಲೆ ಹಾದುಹೋಗುವಾಗ ಚಾವಣಿಯ ಕ್ಯಾಮೆರಾದ ಕೆಂಪು ಚುಕ್ಕೆ ಮಿಟುಕುತ್ತಲೇ ಇತ್ತು. ನಕಲನ್ನು ಅವನು ಅಂಗಿಯೊಳಗೆ ಸೇರಿಸಿದ.

ಆಗ ಟೇಬಲ್ ಮೇಲಿನ ಫೋನ್ ಬಡಿದುಕೊಂಡಿತು. ಡಯಾಲಿಸಿಸ್ ಯೂನಿಟ್ಟಿನ ನಂಬರ್. ಸೋಮವಾರ ಅಪ್ಪನ ದಿನ. ಈಗ ಅವರು ಮೂರನೇ ಮಹಡಿಯಲ್ಲಿ, ತೋಳಿನ ರಕ್ತವನ್ನು ಮೆಷಿನ್ನಿಗೊಪ್ಪಿಸಿ ಮಲಗಿದ್ದರು.

ನನ್ನ ಕೈ ಮೇಲೇಳಲಿಲ್ಲ. ನೀಲಿ ಉಗುರಿನ ಬೆರಳುಗಳು ಅದನ್ನು ಮುಚ್ಚಿ ಹಿಡಿದವು. ಬಣ್ಣದ ವಾಸನೆ, ಬಿಸಿ.

"ಎತ್ತು" ಅಂದ. ಇಷ್ಟು ದಿನ 'ರೀ' ಬಿಟ್ಟು ಮಾತಾಡದವನು. "ಅಪ್ಪನ ಪಕ್ಕ ಹೋಗಿ ನಾನು ನಿಂತಿರ್ತೀನಿ. ನಾನಿರೋವರೆಗೂ ಆ ಮೆಷಿನ್ ಯಾರೂ ಮುಟ್ಟಲ್ಲ. ನೀನು ಎತ್ತು."

ಮೆಟ್ಟಿಲ ಮೇಲೆ ಅವನು ಓಡುವ ಸದ್ದು ಕೇಳಿಸಿತು. ರಿಜಿಸ್ಟರನ್ನು ಎದೆಗವಚಿಕೊಂಡು ನಾನು ಫೋನ್ ಎತ್ತಿದೆ.